ಕಚ್ಚುವ ನೀರು

"ರೀ, ಶವರಿನ ನಲ್ಲಿ ಮುಟ್ಟಿದ್ರೆ ಕೈ ಚುಳ್ ಅನ್ನತ್ತೆ."

ನನ್ನ ಹೆಂಡತಿ ಈ ಮಾತನ್ನು ಮೊದಲ ಸಲ ಹೇಳಿದ್ದು 2025ರ ಆಗಸ್ಟಿನಲ್ಲಿ. ನಾನು ಪೇಪರಿನಿಂದ ತಲೆ ಎತ್ತದೆ "ಹೂಂ" ಅಂದೆ. ಇಷ್ಟು ವರ್ಷ ಸಂಸಾರ ಮಾಡಿದ ಗಂಡಸಿನ "ಹೂಂ"ಗೆ ಎಷ್ಟು ಬೆಲೆ ಅನ್ನೋದು ನಿಮಗೆ ಗೊತ್ತೇ ಇದೆ. ವಾರ ಬಿಟ್ಟು ಮತ್ತೆ ಹೇಳಿದಳು. "ಮಳೆಗಾಲ ಅಲ್ವಾ, ಗೋಡೆಯೆಲ್ಲ ಥಂಡಿ ಹಿಡಿದಿರತ್ತೆ. ರಬ್ಬರ್ ಚಪ್ಪಲಿ ಹಾಕ್ಕೊಂಡು ಸ್ನಾನ ಮಾಡು" ಅಂತ ಮಹಾ ಜಾಣನ ಹಾಗೆ ಸಲಹೆ ಕೊಟ್ಟೆ. ಬ್ಯಾಂಕಿನಲ್ಲಿ ಗಿರಾಕಿಯೊಬ್ಬರು ಎರಡು ಸಲ ದೂರು ಕೊಟ್ಟು ನಾನು ಹೀಗೆ ಉತ್ತರ ಕೊಟ್ಟಿದ್ದರೆ, ಮೂರನೆಯ ಸಲ ಮೇಲಿನವರಿಂದ ನನಗೇ ಫೋನ್ ಬರುತ್ತಿತ್ತು. ಪಾಪ, ಹೆಂಡತಿಗೆ ದೂರು ಕೊಡೋಕೆ ಮೇಲಿನವರು ಯಾರೂ ಇಲ್ಲವಲ್ಲ!

ಒಂದು ಶವರ್ ಪಂಪ್ ಬದಲಾಯಿಸಿದ ಕಥೆ ಇದು. ಇದನ್ನೂ ಬರೀಬೇಕಾ ಅಂತ ನಿಮಗನ್ನಿಸಬಹುದು. ನನಗೂ ಅನ್ನಿಸಿತ್ತು, ಅದಕ್ಕೇ ಬಹಳ ದಿನ ಬರೆಯದೆ ಸುಮ್ಮನಿದ್ದೆ. ಆದರೆ ಪರವೂರಿನಲ್ಲಿ ಮನೆ ಮಾಡಿಕೊಂಡು, ಊರಿಂದ ವಯಸ್ಸಾದ ಅಪ್ಪನನ್ನೋ ಅಮ್ಮನನ್ನೋ ಕರೆಸಿಕೊಂಡಿರುವವರು ನಿಮ್ಮಲ್ಲಿ ಬೇಕಾದಷ್ಟು ಜನ ಇದ್ದೀರಿ. ಅದಕ್ಕೇ ಬರೀತಿದ್ದೇನೆ.

ನಾನು ಕಲ್ಕತ್ತೆಗೆ ಬಂದಿದ್ದು 1996ರಲ್ಲಿ. ತೀರ್ಥಹಳ್ಳಿ ಕಡೆಯ ಒಂದು ಹಳ್ಳಿ, ಶಿವಮೊಗ್ಗದಲ್ಲಿ ಬಿ.ಕಾಂ., ಆಮೇಲೆ ಬ್ಯಾಂಕು. "ಎರಡು ವರ್ಷ ಕಲ್ಕತ್ತಾದಲ್ಲಿ ಇದ್ದು ಬನ್ನಿ, ಆಮೇಲೆ ನಿಮ್ಮ ಕಡೆಗೇ ಹಾಕ್ತೀವಿ" ಅಂದಿದ್ದರು. ಮಧ್ಯೆ ಆಸನ್ಸೋಲ್, ಸಿಲಿಗುರಿ ಅಂತ ಓಡಾಡಿಸಿ ಮತ್ತೆ ಇಲ್ಲಿಗೇ ತಂದು ಹಾಕಿದರು. 2001ರಲ್ಲಿ ಕಲ್ಕತ್ತಾ ಹೋಗಿ ಕೋಲ್ಕತಾ ಆಯಿತು, ನಾನು ಮಾತ್ರ ಎಲ್ಲಿದ್ದೆನೋ ಅಲ್ಲೇ. ಹೆಂಡತಿಗೆ ಇಲ್ಲೇ ಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಮಗಳು ಕನ್ನಡಕ್ಕಿಂತ ಚೆನ್ನಾಗಿ ಬಂಗಾಳಿ ಕಲಿತಳು. 2004ರಲ್ಲಿ ಕಸಬಾದಲ್ಲಿ ಫ್ಲ್ಯಾಟ್ ತಗೊಂಡ ಮೇಲೆ ಊರಿಗೆ ವಾಪಸ್ ಹೋಗೋ ಮಾತು ದೀಪಾವಳಿ, ಯುಗಾದಿಗಷ್ಟೇ ಆಡುವ ಮಾತಾಯಿತು.

ಫ್ಲ್ಯಾಟ್ ಇರೋದು ಕೊನೆಯ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಕೊನೆಯ ಮಹಡಿ ಅಂದ್ರೆ ಚದರಡಿಗೆ ಸ್ವಲ್ಪ ಅಗ್ಗ. ಯಾಕೆ ಅಗ್ಗ ಅನ್ನೋದು ಮೊದಲ ಮೇ ತಿಂಗಳಲ್ಲೇ ಗೊತ್ತಾಯಿತು, ಸೂರು ಹಂಚಿನ ಹಾಗೆ ಕಾಯುತ್ತಿತ್ತು. ಇನ್ನೊಂದು ಕಾರಣ ಶವರ್ ತಿರುಗಿಸಿದಾಗ ಗೊತ್ತಾಯಿತು. ಟ್ಯಾಂಕು ತಲೆಯ ಮೇಲೇ ಇದೆ, ನೀರು ಬೇಕಾದಷ್ಟಿದೆ, ಆದರೆ ಶವರಿನಿಂದ ಬರೋದು ಮಾತ್ರ ಮುದುಕರು ಮೂಗು ಸೀನಿದ ಹಾಗೆ. ಕೆಳಗಿನ ಮನೆಯವರ ಶವರ್ ಭರ್ರೋ ಅಂತ ಸುರಿಯುತ್ತೆ!

ಲೆಕ್ಕ ಸುಲಭ. ನೀರಿನ ಒತ್ತಡ ಬರೋದು ಎತ್ತರದಿಂದ. ಟ್ಯಾಂಕಿನ ನೀರು ಶವರಿಗಿಂತ ಹತ್ತು ಮೀಟರ್ ಮೇಲಿದ್ದರೆ ಸುಮಾರು ಒಂದು ಬಾರ್ ಒತ್ತಡ ಸಿಗುತ್ತದೆ. ನಮ್ಮಲ್ಲಿ ಟ್ಯಾಂಕಿಗೂ ಶವರಿಗೂ ನಡುವೆ ಇರೋದೇ ಎರಡೂವರೆ ಮೀಟರ್. ಅಂದ್ರೆ ಕಾಲು ಬಾರ್. ಅದರಲ್ಲೂ ಆಗ ನಮ್ಮ ಬಿಲ್ಡಿಂಗಿಗೆ ಬೋರಿನ ನೀರು, ಅದರ ತುಂಬ ಕಬ್ಬಿಣ. ಬಕೆಟ್ಟು, ಮಗ್ಗು, ಬಿಳಿ ಬನಿಯನ್ನು ಎಲ್ಲಾ ಕೆಂಪು. ಶವರಿನ ತೂತುಗಳು ಮುಚ್ಚಿಕೊಳ್ಳೋಕೆ ಮೂರು ತಿಂಗಳು ಸಾಕಾಗುತ್ತಿತ್ತು.

ನಮ್ಮೂರಿನಲ್ಲಿ ಈ ತಾಪತ್ರಯವೇ ಇರಲಿಲ್ಲ. ಮನೆ ಹಿಂದಿನ ಗುಡ್ಡದಲ್ಲಿ ಒಂದು ಒರತೆ. ಅಲ್ಲಿಂದ ಸೀಳಿದ ಅಡಿಕೆ ಮರದ ದಂಬೆಗಳನ್ನು ಒಂದಕ್ಕೊಂದು ಜೋಡಿಸಿ ಬಚ್ಚಲಮನೆ ತನಕ ನೀರು ತಂದಿದ್ದರು. ಅಬ್ಬಿ ನೀರು ಅಂತೀವಿ. ಹಗಲು ರಾತ್ರಿ ಬೀಳುತ್ತಲೇ ಇರುತ್ತಿತ್ತು. ಮೋಟಾರಿಲ್ಲ, ಸ್ವಿಚ್ಚಿಲ್ಲ, ಬಿಲ್ಲಿಲ್ಲ. ಕೋಲ್ಕತಾದಲ್ಲಿ ಗುಡ್ಡ ಎಲ್ಲಿಂದ ತರೋದು? ಊರೇ ಚಪಾತಿ ಲಟ್ಟಿಸಿಟ್ಟ ಹಾಗಿದೆ. ಅದಕ್ಕೇ ಬ್ರಿಟಿಷರು ಊರಿನ ಉತ್ತರ ತುದಿಯಲ್ಲಿ ಕಬ್ಬಿಣದ ಗುಡ್ಡವನ್ನೇ ಕಟ್ಟಿದರು. ಟಾಲಾ ಟ್ಯಾಂಕ್. 1909ರಲ್ಲಿ ಕೆಲಸ ಶುರುವಾಗಿ 1911ರಲ್ಲಿ ಮುಗಿಯಿತು. ನೆಲದಿಂದ 110 ಅಡಿ ಮೇಲೆ 90 ಲಕ್ಷ ಗ್ಯಾಲನ್ ನೀರು. ಹೂಗ್ಲಿ ದಂಡೆಯ ಪಲ್ಟಾದಲ್ಲಿ ನದಿಯ ನೀರನ್ನು ಶುದ್ಧ ಮಾಡಿ ಅಲ್ಲಿಗೆ ಏರಿಸಿದರೆ, ಮುಂದಕ್ಕೆ ಅದು ತನ್ನ ಭಾರಕ್ಕೆ ತಾನೇ ಇಳಿದುಕೊಂಡು ಹೋಗುತ್ತದೆ. ನಮ್ಮ ಅಬ್ಬಿ ನೀರಿನ ಲೆಕ್ಕವೇ, ದಂಬೆ ಮಾತ್ರ ದೊಡ್ಡದು. 1934ರ ಭೂಕಂಪವನ್ನೂ ತಡೆದುಕೊಂಡ ಟ್ಯಾಂಕು ಅದು. ಡನ್‌ಲಪ್ ಕಡೆ ಹೋಗುವಾಗ ನೋಡಿ, ಬಸ್ಸಿನಿಂದಲೇ ಕಾಣುತ್ತದೆ.

ಬೆಂಗಳೂರಿನಲ್ಲಿರುವ ಮಗಳು "ಅಪ್ಪಾ, ರಿಟೈರ್ ಆದ್ಮೇಲೆ ಇಲ್ಲಿಗೇ ಬಂದ್ಬಿಡಿ" ಅಂತ ಕರೆಯುವಾಗಲೆಲ್ಲ ನಾನು ನೀರಿನ ಮಾತೇ ಎತ್ತುತ್ತೇನೆ. ಅಲ್ಲಿಗೆ ಕಾವೇರಿ ಬರೋದು ತೊರೆಕಾಡನಹಳ್ಳಿಯಿಂದ, ಸುಮಾರು ನೂರು ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಮೇಲಕ್ಕೆ. ಇಡೀ ಊರೇ ಪಂಪಿನ ಮೇಲೆ ಸ್ನಾನ ಮಾಡುತ್ತಿದೆ. 2024ರ ಮಾರ್ಚಿನಲ್ಲಿ ಅವಳ ಅಪಾರ್ಟ್‌ಮೆಂಟಿನಲ್ಲಿ ಟ್ಯಾಂಕರಿಗಾಗಿ ಕಾದು ಕೂತಿದ್ದನ್ನು ಅವಳೇ ಫೋನಿನಲ್ಲಿ ಹೇಳಿದ್ದಳು. ಇರಲಿ, ಅದು ಬೇರೆ ಜಗಳ.

ಮೊದಲ ಆರು ವರ್ಷ ನಾವು ಬಕೆಟ್ಟಿನಲ್ಲೇ ಸ್ನಾನ ಮಾಡಿದೆವು. ಪಂಪ್ ಬಂದಿದ್ದು ಅಮ್ಮನಿಗಾಗಿ.

ಅಪ್ಪ ಹೋದ ಮೇಲೆ 2009ರಲ್ಲಿ ಅಮ್ಮನನ್ನು ಇಲ್ಲಿಗೆ ಕರೆದುಕೊಂಡು ಬಂದೆ. ಆಗಲೇ ಎಪ್ಪತ್ತೆಂಟು. ಬಂದ ಎಂಟು ತಿಂಗಳಿಗೆ ಅಂಗಳವೇ ಇಲ್ಲದ ಈ ಮನೆಯಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು, ನಡೆದಾಡುವಂತೆಯೂ ಆದರು. ಆದರೆ ಬಗ್ಗಿ ಬಕೆಟ್ಟಿನಿಂದ ನೀರು ಮೊಗೆಯೋದು ಆಗುತ್ತಿರಲಿಲ್ಲ. ಸೊಸೆ ನೀರು ಹಾಕುತ್ತೇನೆ ಅಂದರೆ ಸಂಕೋಚ. ಹುಟ್ಟಿದಾಗಿನಿಂದ ಹಂಡೆ, ತಂಬಿಗೆ, ಬಚ್ಚಲೊಲೆಯ ಉರಿ ನೋಡಿದವರು. ಸ್ನಾನದ ಮನೆ ಅವರ ಪಾಲಿಗೆ ಇಡೀ ದಿನದಲ್ಲಿ ಯಾರೂ ಮಾತಾಡಿಸದ ಜಾಗ. ಡಾಕ್ಟರು "ಸ್ಟೂಲ್ ಮೇಲೆ ಕೂರಿಸಿ ಶವರ್ ಬಿಡಿ" ಅಂದರು. ಸರಿ, ಪಂಪ್ ಹಾಕಿಸೋಣ ಅಂತಾಯಿತು.

2010ರ ಮಾತು. ಕಾಲು ಹಾರ್ಸ್ ಪವರಿನ ಸಣ್ಣ ಪಂಪ್, ಬೆಲೆ 5,200 ರೂಪಾಯಿ. ಅದರ ಕೆಲಸ ಬಹಳ ಚೆಂದ. ಬಾಯಲ್ಲಿ ಅಯಸ್ಕಾಂತ ಇಟ್ಟ ಒಂದು ಪುಟ್ಟ ರೆಕ್ಕೆ ಇರುತ್ತದೆ. ನೀವು ಕೆಳಗೆ ನಲ್ಲಿ ತಿರುಗಿಸಿ ನೀರು ಹರಿಯೋಕೆ ಶುರುವಾದರೆ ಆ ರೆಕ್ಕೆ ಏಳುತ್ತದೆ, ಸ್ವಿಚ್ ಕೂಡಿಕೊಳ್ಳುತ್ತದೆ, ಮೋಟಾರ್ ತಿರುಗುತ್ತದೆ. ನಲ್ಲಿ ನಿಲ್ಲಿಸಿದರೆ ರೆಕ್ಕೆ ಬೀಳುತ್ತದೆ, ಮೋಟಾರೂ ಬಂದ್. ತಾರಸಿಯಲ್ಲಿ ಟ್ಯಾಂಕಿನ ಪಕ್ಕ ನಾಲ್ಕು ಇಟ್ಟಿಗೆ ಕಟ್ಟಿ ಮೇಲೆ ತಗಡು ಮುಚ್ಚಿ ಅದರೊಳಗೆ ಪಂಪ್ ಕೂರಿಸಿದ್ದಾಯಿತು. ಕರೆಂಟಿನ ಕೇಬಲ್ಲು ನಮ್ಮ ಮನೆಯಿಂದ ಮೆಟ್ಟಿಲ ದಾರಿಯಾಗಿ ಮೇಲಕ್ಕೆ.

ಅದಕ್ಕೆ ಫ್ಲ್ಯಾಟ್ ಕಮಿಟಿಯ ಒಪ್ಪಿಗೆ ಬೇರೆ ಬೇಕಿತ್ತು. ಸೆಕ್ರೆಟರಿ ಬಾಬು ರಿಟೈರ್ಡ್ ಮನುಷ್ಯರು, ಚಳಿಗಾಲಕ್ಕೆ ಮುಂಚೆಯೇ ಮಂಕಿ ಕ್ಯಾಪ್ ಹಾಕುವವರು. "ನೀವು ಪಂಪ್ ಇಟ್ಟು ನಮ್ಮ ಪಾಲಿನ ನೀರೆಲ್ಲ ಎಳ್ಕೊಂಡ್ರೆ?" ಅಂದರು. ಟ್ಯಾಂಕಿನ ಚಿತ್ರ ಬರೆದು ವಿವರಿಸಿದೆ. ಒಪ್ಪಲಿಲ್ಲ. "ಮಾಶಿಮಾಗೋಸ್ಕರ" ಅಂದೆ. ತಕ್ಷಣ ಒಪ್ಪಿದರು. ಬಂಗಾಳಿಗಳ ಹತ್ತಿರ ತರ್ಕದಲ್ಲಿ ಗೆಲ್ಲೋದು ಕಷ್ಟ, ಅಮ್ಮನ ಹೆಸರು ಹೇಳಿದರೆ ಸುಲಭ.

ಅಮ್ಮನಿಗೆ ಶವರ್ ಇಷ್ಟವಾಯಿತು. ಮೊದಲ ದಿನ ಮುಕ್ಕಾಲು ಗಂಟೆ ಹೊರಗೇ ಬರಲಿಲ್ಲ. ಬಂದವರು "ಅಬ್ಬಿ ಕೆಳಗೆ ಕೂತ ಹಾಗಾಯ್ತು ಕಣೋ" ಅಂದರು. ಐದು ಸಾವಿರದ ಇನ್ನೂರು ರೂಪಾಯಿ ಅವತ್ತೇ ವಸೂಲಾಯಿತು ಅಂದುಕೊಂಡೆ.

ಆಮೇಲೆ 2012ರ ಮಳೆಗಾಲ. ಒಂದು ಬೆಳಿಗ್ಗೆ ನಾನು ಆಫೀಸಿಗೆ ಹೊರಟಿದ್ದೆ. ಅಮ್ಮ ಸ್ನಾನದ ಮನೆಯಿಂದ ಅರ್ಧಕ್ಕೇ ಹೊರಗೆ ಬಂದು ಬಾಗಿಲು ಹಿಡಿದು ನಿಂತಿದ್ದರು. "ಈ ನೀರು ಕಚ್ಚುತ್ತೆ ಕಣೋ" ಅಂದರು.

ನಾನು ನಕ್ಕೆ. ವಯಸ್ಸಾಯಿತಲ್ಲ, ಚರ್ಮ ತೆಳುವಾಗಿದೆ, ಶವರಿನ ಹನಿ ಚುಚ್ಚುತ್ತಿರಬೇಕು ಅಂದುಕೊಂಡೆ. ಒಳಗೆ ಹೋಗಿ ಶವರಿನ ವಾಲ್ವ್ ಅರ್ಧ ಮುಚ್ಚಿ, "ಈಗ ನಿಧಾನಕ್ಕೆ ಬರತ್ತೆ ನೋಡಮ್ಮ" ಅಂತ ಹೇಳಿ ಆಟೋ ಹಿಡಿದೆ. ಎರಡು ಮೂರು ಸಲ ಅದೇ ಮಾತು ಹೇಳಿದರು. ಆಮೇಲೆ ಹೇಳಲಿಲ್ಲ. ಶವರ್ ಬಿಟ್ಟು ಮತ್ತೆ ಬಕೆಟ್ಟು ತಂಬಿಗೆಗೆ ಬಂದರು. ಸ್ಟೂಲ್ ಮೇಲೆ ಬಕೆಟ್ ಇಟ್ಟುಕೊಂಡು, ಪಕ್ಕದಲ್ಲಿ ತಾವು ಇನ್ನೊಂದು ಸ್ಟೂಲ್ ಮೇಲೆ ಕೂತು, ಅದೇನು ಕಸರತ್ತೋ. "ಅಷ್ಟು ಖರ್ಚು ಮಾಡಿ ಹಾಕಿಸಿದ್ದು ಯಾರಿಗೋಸ್ಕರ?" ಅಂತ ಒಂದು ದಿನ ರೇಗಿದ್ದೂ ಉಂಟು. ಹಳ್ಳಿಯ ಅಭ್ಯಾಸ, ಹಟ ಅಂತ ನಾವೇ ತೀರ್ಮಾನ ಮಾಡಿದೆವು.

ಇಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಆ ವರ್ಷ ನವೆಂಬರಿನಲ್ಲಿ ಇಲ್ಲಿನ ಕನ್ನಡಿಗರು ರಾಜ್ಯೋತ್ಸವಕ್ಕೆ ಸೇರಿದಾಗ, ಬಿಸಿಬೇಳೆಬಾತ್ ತಿನ್ನುತ್ತಾ ನಾನು ಈ ಕಥೆಯನ್ನು ಜೋಕಿನ ಹಾಗೆ ಹೇಳಿದೆ. "ಬಂಗಾಳಿಗಳು ನೀರು ತಿಂತಾರೆ, ಇಲ್ಲಿ ನೀರು ನಮ್ಮಮ್ಮನ್ನ ತಿನ್ನತ್ತಂತೆ!" ಇಲ್ಲಿರುವವರಿಗೆ ಗೊತ್ತು, ಬಂಗಾಳಿಯಲ್ಲಿ ಕುಡಿಯೋದಕ್ಕೂ 'ಖಾಬೋ' ಅಂತಲೇ ಅನ್ನೋದು. ನೀರೂ ತಿಂತಾರೆ, ಚಹಾನೂ ತಿಂತಾರೆ, ಸಿಗರೇಟೂ ತಿಂತಾರೆ. ಎಲ್ಲರೂ ನಕ್ಕರು. ಅಮ್ಮ ಅಲ್ಲೇ ಕುರ್ಚಿಯಲ್ಲಿ ಕೂತಿದ್ದರು. ಅವರೂ ನಕ್ಕರು.

ಅಮ್ಮ ಹೋಗಿದ್ದು 2014ರ ಜನವರಿಯಲ್ಲಿ, ನ್ಯುಮೋನಿಯಾದಿಂದ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಪಂಪ್ ಇತ್ತು. ಒಂದು ಸಲ ಕಂಡೆನ್ಸರ್ ಹೋಯಿತು, ಬದಲಾಯಿಸಿದೆವು. 2018ರಲ್ಲಿ ಮೋಟಾರ್ ಸುಟ್ಟಿತು, ಚಾಂದನಿ ಚೌಕದಲ್ಲಿ ಕೊಟ್ಟು ತಂತಿ ಹೊಸದಾಗಿ ಸುತ್ತಿಸಿಕೊಂಡು ಬಂದೆ. ಹೊಸದು ತಗೋಬಹುದಿತ್ತು. ತಗೊಳ್ಳಲಿಲ್ಲ.

ಈಗ 2025ಕ್ಕೆ ಬರೋಣ. ಸೆಪ್ಟೆಂಬರ್ 22ರ ರಾತ್ರಿ ಶುರುವಾದ ಮಳೆಯನ್ನು ಕೋಲ್ಕತಾದವರು ಇನ್ನು ಬಹಳ ವರ್ಷ ಮರೆಯೋದಿಲ್ಲ. ಒಂದು ದಿನದೊಳಗೆ 250 ಮಿಲಿಮೀಟರಿನಷ್ಟು ಸುರಿಯಿತು. 23ರ ಬೆಳಿಗ್ಗೆ ನಮ್ಮ ಬೀದಿಯಲ್ಲಿ ತೊಡೆಮಟ್ಟ ನೀರು. ಪೂಜೆಯ ಪೆಂಡಾಲುಗಳ ಕಂಬಗಳು ನೀರಿನಲ್ಲಿ ನಿಂತಿದ್ದವು. ಮಧ್ಯಾಹ್ನದ ಹೊತ್ತಿಗೆ ಟಿವಿಯಲ್ಲಿ ಒಂದೊಂದೇ ಸುದ್ದಿ ಬರತೊಡಗಿತು. ನಿಂತ ನೀರಿನಲ್ಲಿ ಕರೆಂಟ್ ತಗುಲಿ ಸತ್ತವರು. ಒಬ್ಬರಲ್ಲ, ಇಬ್ಬರಲ್ಲ, ಹಲವರು. ಕೆಲಸಕ್ಕೆ ಹೊರಟವರು, ಅಂಗಡಿ ತೆಗೆಯೋಕೆ ಹೋದವರು.

ಅವತ್ತು ರಾತ್ರಿ ಹೆಂಡತಿ ಟಿವಿ ಆರಿಸಿ, "ನಾನು ಇನ್ನು ಆ ಶವರ್ ಮುಟ್ಟಲ್ಲ" ಅಂದಳು. ದನಿ ಏರಿಸಲಿಲ್ಲ. ನನಗೆ ಆಗ ಭಯವಾಯಿತು.

ಪೂಜೆಗೆ ನಾಲ್ಕು ದಿನ ಇರುವಾಗ ಈ ಊರಿನಲ್ಲಿ ಮಿಸ್ತ್ರಿಗಳನ್ನು ಹುಡುಕೋದು ಅಂದ್ರೆ ಮಾರ್ಚ್ 31ರಂದು ಬ್ಯಾಂಕಿನವರನ್ನು ಮದುವೆಗೆ ಕರೆದ ಹಾಗೆ. ನೆಲದ ನೀರಿಳಿದ ಮೇಲೆ ಗುರುವಾರ ಸಂಜೆ ನಲ್ಲಿಯ ಮಿಸ್ತ್ರಿ ಬಂದ. ತಾರಸಿಗೆ ಹೋದವನು ಪಂಪಿಗೆ ಟೆಸ್ಟರ್ ತಾಗಿಸಿ ನೋಡಿ, "ಇದು ನನ್ನ ಕೆಲಸ ಅಲ್ಲ ದಾದಾ" ಅಂತ ಇಳಿದೇಬಿಟ್ಟ. ಟೆಸ್ಟರಿನ ದೀಪ ಉರಿದಿತ್ತು. ಶುಕ್ರವಾರ ರಾತ್ರಿ ಒಂಬತ್ತೂವರೆಗೆ, ಪೆಂಡಾಲಿನ ಲೈಟಿಂಗ್ ಕೆಲಸದಿಂದ ಬಿಡಿಸಿಕೊಂಡು ಇಲೆಕ್ಟ್ರಿಕ್ ಮಿಸ್ತ್ರಿ ಬಂದ. ಇನ್ನೂ ಹುಡುಗ, ಇಪ್ಪತ್ತೈದು ಇರಬಹುದು. ಕಿವಿಯಲ್ಲಿ ಬೀಡಿ.

ಅವನ ಹತ್ತಿರ ಒಂದು ಹೋಲ್ಡರಿಗೆ ಎರಡು ವೈರ್ ಕಟ್ಟಿದ ಬಲ್ಬ್ ಇತ್ತು. ಪಂಪಿನ ಪ್ಲಗ್ ಕಿತ್ತು, ಬಲ್ಬಿನ ಒಂದು ವೈರನ್ನು ಸಾಕೆಟ್ಟಿನ ಫೇಸಿಗೆ, ಇನ್ನೊಂದನ್ನು ನ್ಯೂಟ್ರಲಿಗೆ ಇಟ್ಟ. ಬಲ್ಬ್ ಉರಿಯಿತು. ಆಮೇಲೆ ನ್ಯೂಟ್ರಲಿನಿಂದ ತೆಗೆದು ಮೇಲಿನ ದಪ್ಪ ತೂತಿಗೆ, ಅಂದ್ರೆ ಅರ್ತಿಂಗಿನ ತೂತಿಗೆ ಇಟ್ಟ. ಆಗಲೂ ಉರಿಯಬೇಕು. ಉರಿಯಲಿಲ್ಲ. ಸಾಕೆಟ್ ಬಿಚ್ಚಿದ. ಅರ್ತಿಂಗಿನ ಸ್ಕ್ರೂ ಹೊಸದರ ಹಾಗೆ ಫಳಫಳ ಹೊಳೆಯುತ್ತಿತ್ತು. ಹದಿನೈದು ವರ್ಷದಲ್ಲಿ ಅದಕ್ಕೆ ಯಾರೂ ಒಂದು ತಂತಿಯನ್ನೂ ಸಿಕ್ಕಿಸಿರಲಿಲ್ಲ. ಕೆಳಗಿಂದ ಬಂದ ಕೇಬಲ್ಲಿನೊಳಗೆ ಇದ್ದಿದ್ದೇ ಎರಡು ತಂತಿ.

"ಖೂಬ್ ಬೇಚೆ ಗೇಛೇನ್ ದಾದಾ" ಅಂದ ಹುಡುಗ. ಬಹಳ ಬಚಾವಾದಿರಿ ಅಂತ. "ಎಷ್ಟು ಸಲ ಶಾಕ್ ತಿಂದ್ರಿ?" ಅಂತಲೂ ಕೇಳಿದ. ನೋಡಿ, ಬಂಗಾಳಿಯಲ್ಲಿ ಶಾಕನ್ನೂ ತಿನ್ನೋದೇ.

ಅವನು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಮೋಟಾರಿನ ಒಳಗಿನ ತಾಮ್ರದ ಸುರುಳಿಗೆ ಬಣ್ಣದಂಥ ಒಂದು ಲೇಪ ಇರುತ್ತದೆ, ಕರೆಂಟ್ ಹೊರಗೆ ಬಾರದ ಹಾಗೆ. ಹಳತಾಗಿ ಅದು ಬಿರುಕು ಬಿಟ್ಟರೆ, ಅಥವಾ ಸೀಲ್ ಸವೆದು ಒಳಗೆ ನೀರು ಜಿನುಗಿದರೆ, ಸ್ವಲ್ಪ ಕರೆಂಟ್ ಪಂಪಿನ ಮೈಗೆ ಬರುತ್ತದೆ. ಅರ್ತಿಂಗ್ ಇದ್ದರೆ ಅದು ಆ ತಂತಿ ಹಿಡಿದು ನೆಲಕ್ಕೆ ಹೋಗುತ್ತದೆ, ಹೆಚ್ಚಾದರೆ ಫ್ಯೂಸ್ ಹಾರುತ್ತದೆ. ಇಲ್ಲದಿದ್ದರೆ ಪಂಪಿನ ಮೈಮೇಲೆ, ಪಂಪಿಗೆ ಸೇರಿದ ಕಬ್ಬಿಣದ ಪೈಪಿನ ಮೇಲೆ, ಪೈಪಿನ ತುದಿಯ ಶವರಿನ ನಲ್ಲಿಯ ಮೇಲೆ ಕಾಯುತ್ತಾ ಕೂರುತ್ತದೆ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತವರು ಯಾರಾದರೂ ಬಂದು ಮುಟ್ಟುವ ತನಕ. ಮಳೆಗಾಲದಲ್ಲಿ ಇದು ಹೆಚ್ಚು, ಬೇಸಿಗೆಯಲ್ಲಿ ಒಣಗಿದಾಗ ಕಡಿಮೆ.

ಮಳೆಗಾಲದಲ್ಲಿ ಹೆಚ್ಚು ಅಂದಾಗಲೇ ನನಗೆ ಅಮ್ಮನ ಮಾತು ನೆನಪಾಗಿದ್ದು. ಅಲ್ಲೇ ಟ್ಯಾಂಕಿನ ಕಟ್ಟೆಯ ಮೇಲೆ ಕೂತೆ. ಹುಡುಗ ಗಾಬರಿಯಾಗಿ "ಕೀ ಹೋಲೋ ದಾದಾ?" ಅಂದ. ಏನಿಲ್ಲಪ್ಪ ಅಂದೆ, ಕನ್ನಡದಲ್ಲಿ.

ನಾನು ಬ್ಯಾಂಕಿನವನು, ಬಿಲ್ ಎಸೆಯುವವನಲ್ಲ. ಮನೆಯ ಖರ್ಚಿನದ್ದೆಲ್ಲ ವರ್ಷವಾರು ಫೈಲಿದೆ. ಅವತ್ತು ರಾತ್ರಿ ಹನ್ನೊಂದು ಗಂಟೆಗೆ ಅಟ್ಟದಿಂದ 2010ರ ಫೈಲ್ ಇಳಿಸಿದೆ. ಆಗಿನ ಮಿಸ್ತ್ರಿ ಬರೆದುಕೊಟ್ಟ ಎಸ್ಟಿಮೇಟ್ ಸಿಕ್ಕಿತು, ಲೈನ್ ಹಾಕಿದ ನೋಟ್‌ಬುಕ್ ಹಾಳೆ. ಪಂಪ್, ಪೈಪ್, ಬೆಂಡ್, ವಾಲ್ವ್... ಐದನೆಯ ಸಾಲಿನಲ್ಲಿ 'ಥ್ರೀ ಕೋರ್ ಕೇಬಲ್, 25 ಮೀಟರ್' ಅಂತ ಬರೆದು ಹೊಡೆದುಹಾಕಿದೆ. ಮೇಲೆ 'ಟು ಕೋರ್' ಅಂತಿದೆ. ಮೀಟರಿಗೆ 13 ರೂಪಾಯಿ ಕಡಿಮೆ, ಒಟ್ಟು 325 ರೂಪಾಯಿ ಉಳಿತಾಯ. ತಿದ್ದುಪಡಿಯ ಪಕ್ಕದಲ್ಲಿ ಒಂದು ಸಹಿ. ನನ್ನದು.

ನಿಮಗೆ ಗೊತ್ತಿರಬಹುದು, ಚೆಕ್ಕಿನ ಮೇಲೆ ಏನಾದರೂ ಹೊಡೆದು ತಿದ್ದಿದ್ದರೆ ಪಕ್ಕದಲ್ಲಿ ಸಹಿ ಕೇಳುವುದು ನಮ್ಮವರ ಹಳೆಯ ಅಭ್ಯಾಸ. ಆ ಅಭ್ಯಾಸ ಮನೆಗೂ ಬಂದಿದೆ. ಮಿಸ್ತ್ರಿ ಥ್ರೀ ಕೋರ್ ಬರೆದಿದ್ದ. ಅವನು ಸರಿಯಾಗೇ ಬರೆದಿದ್ದ. ನಾನೇ ಚೌಕಾಸಿ ಮಾಡಿ "ಮೂರನೇ ತಂತಿ ಯಾಕೆ, ಎರಡರಲ್ಲಿ ನಡೆಯಲ್ವಾ?" ಅಂದಿರಬೇಕು. ನಡೆಯತ್ತೆ ಸಾರ್ ಅಂದಿರಬೇಕು. ನಡೆಯಿತು ಕೂಡ. ಎರಡು ತಂತಿಯಲ್ಲಿ ಮೋಟಾರ್ ಚೆನ್ನಾಗೇ ತಿರುಗುತ್ತದೆ. ಬೇರೆಯವರ ಶಾಖೆಗೆ ಇನ್‌ಸ್ಪೆಕ್ಷನ್ನಿಗೆ ಹೋಗಿ, ಬೆಂಕಿ ಆರಿಸುವ ಸಿಲಿಂಡರಿನ ತಾರೀಕು ಮುಗಿದಿದೆ ಅಂತ ಕೆಂಪು ಶಾಯಿಯಲ್ಲಿ ಬರೆದು ಬಂದವನು ನಾನು.

ಹಾಳೆಯನ್ನು ಹೆಂಡತಿಗೆ ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. "ಅತ್ತೆ ಆ ನಲ್ಲಿ ತಿರುಗಿಸುವಾಗ ಕೈಗೆ ಒಣ ಟವೆಲ್ ಸುತ್ತಿಕೊಳ್ತಿದ್ರು, ನೆನಪಿದ್ಯಾ?" ಅಂದಳು. ನನಗೆ ನೆನಪಿರಲಿಲ್ಲ. ನಾನು ನೋಡಿಯೇ ಇರಲಿಲ್ಲ. "ಮಡಿ ಇರಬೇಕು ಅಂದ್ಕೊಂಡಿದ್ದೆ" ಅಂದಳು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ಮಡಿನೇ ಇದ್ದರೂ ಇರಬಹುದು" ಅಂದಳು.

ಇರಬಹುದು. ಈಗ ಕೆಟ್ಟಿರುವ ಸುರುಳಿ 2018ರಲ್ಲಿ ಸುತ್ತಿಸಿದ್ದು, ಅಮ್ಮನ ಕಾಲದ್ದಲ್ಲ. 2012ರಲ್ಲಿ ಪಂಪಿಗೆ ಎರಡೇ ವರ್ಷ. ಹೊಸ ಮೋಟಾರ್ ಅಷ್ಟು ಬೇಗ ಲೀಕ್ ಆಗುತ್ತದಾ ಅಂತ ಹುಡುಗನನ್ನು ಕೇಳಿದೆ. "ಆಗಲ್ಲ ಅಂತ ಹೇಳೋಕಾಗಲ್ಲ, ತಗಡಿನ ಕೆಳಗೆ ನೀರು ನಿಂತಿದ್ರೆ ಆಗತ್ತೆ" ಅಂದ. ಶವರಿನ ಹನಿಯೇ ಚುಚ್ಚಿತ್ತೋ ಏನೋ. ಎಂಬತ್ತರ ಮೈ. ಯಾವ ಲೆಕ್ಕಕ್ಕೆ ಹಾಕಬೇಕು ಅಂತ ಗೊತ್ತಾಗದ ಎಂಟ್ರಿಗಳಿಗೆ ಬ್ಯಾಂಕಿನಲ್ಲಿ ಸಸ್ಪೆನ್ಸ್ ಅಕೌಂಟ್ ಅಂತ ಒಂದಿದೆ. ತಾತ್ಕಾಲಿಕವಾಗಿ ಅಲ್ಲಿಡುತ್ತೇವೆ, ಆಮೇಲೆ ಹುಡುಕಿ ತೀರಿಸುತ್ತೇವೆ. ಇದನ್ನು ತೀರಿಸೋಕೆ ವೋಚರ್ ಕೊಡಬೇಕಾದವರು ಇಲ್ಲ.

ಮರುದಿನ ನಾಲ್ಕನೇ ಶನಿವಾರ, ಬ್ಯಾಂಕಿಗೆ ರಜೆ. ಪಂಚಮಿ ಬೇರೆ. ರಾಸಬಿಹಾರಿ ತನಕ ಆಟೋ, ಕಾಳೀಘಾಟ್ ಸ್ಟೇಷನ್ನಿನಿಂದ ಮೆಟ್ರೋ, ಚಾಂದನಿ ಚೌಕದಲ್ಲಿ ಇಳಿದರೆ ಕಾಲಿಡಲು ಜಾಗವಿಲ್ಲ. ಇಡೀ ಕೋಲ್ಕತಾ ಹೊಸ ಬಟ್ಟೆ ತಗೊಳ್ಳೋಕೆ ಹೊರಟಿದ್ದರೆ ನಾನೊಬ್ಬ ಪಂಪ್ ತಗೊಳ್ಳೋಕೆ ಹೋಗಿದ್ದೆ. ಅಂಗಡಿಯವರು ದೊಡ್ಡ ಪಂಪ್ ತೋರಿಸಿದರು, "ಇದು ಮೂರು ಬಾತ್‌ರೂಮಿಗೆ ಆಗತ್ತೆ" ಅಂತ. ನಮಗಿರೋದು ಒಂದೇ ಶವರ್. ಈ ತಪ್ಪು ನೀವೂ ಮಾಡಬೇಡಿ. ಒತ್ತಡ ಹೆಚ್ಚಾದರೆ ಹಳೆಯ ಪೈಪಿನ ಜಾಯಿಂಟುಗಳು ಸೋರುತ್ತವೆ. ಒಂದು ಬಾರಿನ ಆಸುಪಾಸು ಕೊಡುವ ಸಣ್ಣದೇ ಸಾಕು. ಸ್ಟೀಲ್ ಮೈಯದ್ದು ತಗೊಂಡೆ, 8,900 ರೂಪಾಯಿ. ಥ್ರೀ ಕೋರ್ ಕೇಬಲ್ 30 ಮೀಟರ್, 25 ಸಾಕಾಗಿದ್ದರೂ. ಒಂದು ಆರ್‌ಸಿಸಿಬಿ.

ಈ ಕೊನೆಯದ್ದರ ಬಗ್ಗೆ ಎರಡು ಮಾತು ಹೇಳಲೇಬೇಕು. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಇರೋದು ಎಂಸಿಬಿ. ಅದು ತಂತಿ ಸುಡದ ಹಾಗೆ ನೋಡಿಕೊಳ್ಳುತ್ತದೆ, ಮನುಷ್ಯನನ್ನಲ್ಲ. ಆರ್‌ಸಿಸಿಬಿ ಮಾಡೋದು ಕ್ಯಾಷಿಯರ್ ಕೆಲಸ. ಫೇಸಿನಲ್ಲಿ ಎಷ್ಟು ಕರೆಂಟ್ ಹೋಯಿತೋ ನ್ಯೂಟ್ರಲಿನಲ್ಲಿ ಅಷ್ಟೇ ವಾಪಸ್ ಬರಬೇಕು. 30 ಮಿಲಿ ಆಂಪಿಯರಿನಷ್ಟು ಕಡಿಮೆ ಬಂದರೂ, ಎಲ್ಲೋ ಯಾರದೋ ಮೈಮೇಲೆ ಹಾದು ನೆಲಕ್ಕೆ ಹೋಗುತ್ತಿದೆ ಅಂತ ಲೆಕ್ಕ ಹಾಕಿ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕತ್ತರಿಸಿಬಿಡುತ್ತದೆ. ತಾಳೆಯಾಗದಿದ್ದರೆ ಕೌಂಟರ್ ಬಂದ್! ಮೂವತ್ತು ವರ್ಷ ದಿನಾ ಸಂಜೆ ಕ್ಯಾಷ್ ತಾಳೆ ನೋಡಿದ ನನಗೆ ಇಂಥದ್ದೊಂದು ಇದೆ ಅಂತ ಗೊತ್ತಿತ್ತು. ಹಾಕಿಸಬೇಕು ಅಂತ ಹೊಳೆದಿರಲಿಲ್ಲ. ನಿಮ್ಮ ಮನೆಯ ಬೋರ್ಡಿನಲ್ಲಿ 'ಟಿ' ಅಂತ ಸಣ್ಣ ಗುಂಡಿ ಇರುವ ಡಬ್ಬಿ ಇದೆಯಾ ಅಂತ ಒಮ್ಮೆ ನೋಡಿ. ಇದ್ದರೆ ಆ ಗುಂಡಿ ಒತ್ತಿ ನೋಡಿ, ಟಪ್ ಅಂತ ಬೀಳಬೇಕು.

ಶನಿವಾರ ಸಂಜೆ ಇಬ್ಬರೂ ಮಿಸ್ತ್ರಿಗಳು ಒಟ್ಟಿಗೇ ಬಂದರು. ಹಳೆಯ ವಾಲ್ವ್ ತುಕ್ಕು ಹಿಡಿದು ತಿರುಗಲಿಲ್ಲ, ಕೊನೆಗೆ ಟ್ಯಾಂಕನ್ನೇ ಅರ್ಧ ಖಾಲಿ ಮಾಡಬೇಕಾಯಿತು. ಕೆಳಗಿನವರೆಲ್ಲ ಪೂಜೆಯ ದಿನ ನೀರಿಲ್ಲ ಅಂತ ಕೂಗಾಡುತ್ತಾರೆ ಅಂದುಕೊಂಡೆ. ಸೆಕ್ರೆಟರಿ ಬಾಬು, ಈಗ ಎಂಬತ್ತರ ಹತ್ತಿರ, ಮೆಟ್ಟಿಲು ಹತ್ತಿಕೊಂಡು ಬಂದರು. ಬೈಯೋಕಲ್ಲ. ವಿಷಯ ಕೇಳಿ ಹುಡುಗನಿಗೆ "ನಮ್ಮ ಮನೆಯ ಅರ್ತಿಂಗನ್ನೂ ಒಂದು ಸಲ ನೋಡು" ಅಂದರು. ಆ ರಾತ್ರಿ ಹುಡುಗ ಬಲ್ಬ್ ಹಿಡಿದುಕೊಂಡು ನಮ್ಮ ಬಿಲ್ಡಿಂಗಿನ ಏಳು ಮನೆ ಹೊಕ್ಕ. ಎರಡು ಮನೆಯ ಗೀಸರ್ ಸಾಕೆಟ್ಟಿನಲ್ಲಿ ಬಲ್ಬ್ ಉರಿಯಲಿಲ್ಲ. ನಮ್ಮ ಗೀಸರಿನದ್ದು ಉರಿಯಿತು, ದೇವರ ದಯೆ.

ಹಳೆಯ ಕಬ್ಬಿಣದ ಪೈಪ್ ತೆಗೆಸಿ ಪಂಪಿನಿಂದ ಬಚ್ಚಲ ತನಕ ಪ್ಲಾಸ್ಟಿಕ್ ಪೈಪ್ ಹಾಕಿಸಿದೆ. ಎಸ್ಟಿಮೇಟಿನಲ್ಲಿ ಒಂದಕ್ಷರವನ್ನೂ ತಿದ್ದಲಿಲ್ಲ.

ಅಕ್ಟೋಬರ್ ಒಂದು, ಮಹಾನವಮಿ. ಇಲ್ಲಿನವರು ಯಂತ್ರಗಳಿಗೆ ಪೂಜೆ ಮಾಡೋದು ಸೆಪ್ಟೆಂಬರ್ 17ರ ವಿಶ್ವಕರ್ಮ ಪೂಜೆಗೆ. ನಮಗೆ ನವಮಿಯೇ ಆಯುಧಪೂಜೆ. ಬೀದಿಯ ಪೆಂಡಾಲಿನಲ್ಲಿ ಢಾಕ್ ಬಡಿಯುತ್ತಿರುವಾಗ ಹೆಂಡತಿ ತಾರಸಿಗೆ ಹತ್ತಿ ಹೊಸ ಪಂಪಿಗೆ ಅರಿಶಿನ ಕುಂಕುಮ ಹಚ್ಚಿ ಒಂದು ಚೆಂಡುಹೂ ಇಟ್ಟಳು. ಹಳೆಯ ಪಂಪ್ ಮೆಟ್ಟಿಲ ಕೋಣೆಯಲ್ಲಿ ಬಿದ್ದಿತ್ತು. ಅದರ ಮೂತಿಯ ಮೇಲೆ ಅಮ್ಮ ಇದ್ದ ಕಾಲದಿಂದ ವರ್ಷವರ್ಷವೂ ಇಟ್ಟ ಕುಂಕುಮ ಪದರ ಪದರವಾಗಿ ಗಟ್ಟಿಯಾಗಿತ್ತು. "ಇದಕ್ಕೂ ಇಡ್ಲಾ?" ಅಂತ ಕೇಳಿದಳು. ಬೇಡ ಅಂದೆ. ಲಕ್ಷ್ಮೀ ಪೂಜೆ ಮುಗಿದ ವಾರ ಬಿಕ್ರಿವಾಲಾ ಬಂದಾಗ ತೂಕಕ್ಕೆ ಹಾಕಿದೆ. ತಾಮ್ರ ಇದೆ ಅಂತ 410 ರೂಪಾಯಿ ಕೊಟ್ಟ. ಟು ಕೋರ್ ಕೇಬಲ್ಲನ್ನು ಕೊಡಲಿಲ್ಲ. ಸುತ್ತಿ ಅಟ್ಟದ ಮೇಲೆ, 2010ರ ಫೈಲಿನ ಪಕ್ಕದಲ್ಲಿಟ್ಟಿದ್ದೇನೆ.

ಈಗ ಪ್ರತಿ ತಿಂಗಳು ಒಂದನೇ ತಾರೀಕು ಬೆಳಿಗ್ಗೆ ಕ್ಯಾಲೆಂಡರ್ ಹಾಳೆ ತಿರುಗಿಸಿ, ಬೋರ್ಡಿನ ಹತ್ತಿರ ಹೋಗಿ 'ಟಿ' ಗುಂಡಿ ಒತ್ತುತ್ತೇನೆ. ಟಪ್ ಅಂತ ಬೀಳುತ್ತದೆ. ಮೇಲೆ ಪಂಪ್ ನಿಲ್ಲುತ್ತದೆ, ಶವರ್ ಸೊರಗುತ್ತದೆ. "ರೀ, ತಲೆಗೆ ಶಾಂಪೂ ಹಾಕಿದೀನಿ, ಈಗಲೇ ಒತ್ತಬೇಕಿತ್ತಾ!" ಅಂತ ಒಳಗಿಂದ ಕೂಗುತ್ತಾಳೆ.